ದೊಡ್ಡ ಲೆನ್ಸ್ ಆಮೇಲೆ ನೋಡೋಣ, ಮೊದಲು ಅರಿಶಿನದ ಡಬ್ಬಿ ತೆಗೆಯಿರಿ

ಪ್ರಶ್ನೆ: ನಮ್ಮದು ಮಂಡ್ಯದ ಹತ್ತಿರ ಒಂದು ಹಳ್ಳಿ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5200 ಕ್ಯಾಮೆರಾ ತಗೊಂಡಿದ್ದೇನೆ. ಅದರ ಜೊತೆ ಬಂದ 18–55 ಲೆನ್ಸ್ ಒಂದೇ ಇದೆ. ಕೆಆರ್‌ಎಸ್ ಸೂರ್ಯಾಸ್ತ, ಮೈಸೂರು ಅರಮನೆ ದೀಪ, ಮೇಲುಕೋಟೆ ಕಲ್ಯಾಣಿ ಎಲ್ಲಾ ತೆಗೆದಾಯ್ತು. ನೋಡಿದರೆ ಎಲ್ಲರ ಫೋಟೊ ಇದ್ದ ಹಾಗೇ ಇವೆ. ರಂಗನತಿಟ್ಟಿಗೆ ಹೋದರೆ ಹಕ್ಕಿ ಚುಕ್ಕಿಯಷ್ಟು ಕಾಣುತ್ತೆ. ಗೆಳತಿಯರು ದೂರದ್ದನ್ನು ಹತ್ತಿರ ತೋರಿಸುವ 150–600 ಲೆನ್ಸ್ ತಗೋ ಅಂತಾರೆ. ಮನೆಯವರು, ‘ರಂಗೋಲಿ, ಹಿತ್ತಲು, ಹೊಲಿಗೆ, ಈಗ ಫೋಟೊ ಅಂತ ಎಲ್ಲಾ ಕಡೆ ಕೈ ಹಾಕಿದರೆ ಯಾವುದೂ ಬರಲ್ಲ, ಒಂದನ್ನು ಗಟ್ಟಿಯಾಗಿ ಹಿಡಿ’ ಅಂತಾರೆ. ದಿನಕ್ಕೆ ಅರ್ಧ ಗಂಟೆ ಸಿಕ್ಕಿದರೆ ಅದೇ ಜಾಸ್ತಿ. ಪ್ರಯೋಗದ ತರ ಏನಾದರೂ ಹೊಸದಾಗಿ ಮಾಡಬೇಕು ಅಂತ ಆಸೆ. ಲೆನ್ಸ್ ಕೊಳ್ಳಲಾ? ಬೇರೆ ಹವ್ಯಾಸ ಬಿಡಲಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಲೆನ್ಸ್ ಸದ್ಯಕ್ಕೆ ಬೇಡ. ಹವ್ಯಾಸಗಳಲ್ಲಿ ಒಂದನ್ನೂ ಬಿಡಬೇಡಿ. ನಿಮ್ಮ ಮನೆಯವರ ಮಾತಿನಲ್ಲಿ ಕಾಳಜಿ ಇದೆ, ಆದರೆ ಈ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ನಿಮ್ಮ ಪ್ರಯೋಗಕ್ಕೆ ಬೇಕಾದ ಸಾಮಾನೆಲ್ಲ ಆ ರಂಗೋಲಿ, ಹಿತ್ತಲು, ಹೊಲಿಗೆಯಲ್ಲೇ ಇದೆ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೈಸೂರಿನಲ್ಲಿ ಹವ್ಯಾಸಿಗಳಿಗೆ ಫೋಟೊಗ್ರಫಿ ಹೇಳಿಕೊಡುವ ಕೆಲಸ ನನ್ನದು. ಹೊಸಬರು ತಂದು ತೋರಿಸುವ ಫೋಟೊಗಳಲ್ಲಿ ಅರಮನೆ ದೀಪ ಇದ್ದೇ ಇರುತ್ತದೆ. ಭಾನುವಾರ ಸಂಜೆ ಹೆಚ್ಚುಕಡಿಮೆ ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಕ್ಯಾಮೆರಾ ಎತ್ತದೆ ಇರೋಕೆ ಯಾರಿಂದ ಆಗುತ್ತೆ? ಎತ್ತಬೇಕಾದ್ದೇ. ಆದರೆ ಅಲ್ಲಿ ನೂರಾರು ಜನ ಒಂದೇ ಹೊತ್ತಿಗೆ, ಒಂದೇ ಕಡೆಯಿಂದ, ಒಂದೇ ಎತ್ತರಕ್ಕೆ ಕ್ಯಾಮೆರಾ ಹಿಡಿದಿರುತ್ತಾರೆ. ದೀಪ ಹಚ್ಚಿದವರು ಬೇರೆಯವರು, ನಿಲ್ಲುವ ಜಾಗ ಗೊತ್ತು ಮಾಡಿದವರೂ ಬೇರೆಯವರು. ನಿಮ್ಮ ಪಾಲಿಗೆ ಉಳಿಯುವುದು ಬಟನ್ ಒತ್ತುವುದಷ್ಟೇ. ನಿಮ್ಮ ಹಿತ್ತಲಲ್ಲಿ ಹಾಗಲ್ಲ. ಬಸಳೆ ಚಪ್ಪರಕ್ಕೆ ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತೆ, ತೆಂಗಿನಮರದ ನೆರಳು ಯಾವ ತಿಂಗಳಲ್ಲಿ ಬಚ್ಚಲ ಗೋಡೆ ಮುಟ್ಟುತ್ತೆ, ಯಾವ ಗಿಡಕ್ಕೆ ಎಷ್ಟು ಹೊತ್ತಿಗೆ ಚಿಟ್ಟೆ ಬರುತ್ತೆ, ಇದೆಲ್ಲ ನಿಮಗೆ ಗೊತ್ತು. ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಹಿಡಿದು ಹೊರಗಿನಿಂದ ಬಂದವರಿಗೆ ಗೊತ್ತಿಲ್ಲ.

ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು ಬಿಳುಪು ಚಿತ್ರಗಳನ್ನು ನೋಡಿದ್ದೀರಾ? ಇಲ್ಲದಿದ್ದರೆ ದಯವಿಟ್ಟು ನೋಡಿ. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ದೊಡ್ಡ ಪತ್ರಿಕೆಗಳಿಗೆ ಕೆಲಸ ಮಾಡಿದವರು. ಆದರೂ ಮನಸ್ಸಿನಲ್ಲಿ ನಿಲ್ಲುವುದು ಅವರು ತೆಗೆದ ಸಾಮಾನ್ಯ ಜನ, ಆಡುವ ಮಕ್ಕಳು, ದಿನನಿತ್ಯದ ಬದುಕು. ಅವರ ಚಿತ್ರಗಳನ್ನು ನೋಡುವಾಗ ಯಾವ ಲೆನ್ಸ್ ಅಂತ ಕೇಳಬೇಕು ಅನ್ನಿಸುವುದೇ ಇಲ್ಲ.

ಈಗ ಪ್ರಯೋಗದ ಮಾತಿಗೆ ಬರೋಣ. ಪ್ರಯೋಗ ಅಂದ ಕೂಡಲೇ ಜನ ಫೋನಿನಲ್ಲಿ ಬಣ್ಣ ಬದಲಾಯಿಸುವ ಫಿಲ್ಟರ್ ನೆನೆಸಿಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಪ್ರಯೋಗ ಅಂದರೆ ಇಷ್ಟೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ಉಳಿದದ್ದನ್ನು ಇದ್ದ ಹಾಗೇ ಬಿಡುವುದು, ಏನಾಯ್ತು ಅಂತ ಬರೆದಿಡುವುದು. ನೀವು ದಿನಾ ಲೆಕ್ಕ ಬರೆಯುವವರು. ಈ ವಿಷಯದಲ್ಲಿ ನಿಮ್ಮ ಕೈ ಆಗಲೇ ಪಳಗಿದೆ. ಒಂದು ನೋಟ್‌ಬುಕ್ ಇದಕ್ಕೇ ಅಂತ ಎತ್ತಿಡಿ. ದಿನಾಂಕ, ಹೊತ್ತು, ಬಿಸಿಲು ಹೇಗಿತ್ತು, ಏನು ಬದಲಾಯಿಸಿದೆ, ಏನು ಬಂತು. ಐದು ಕಾಲಂ ಸಾಕು.

ಮೊದಲನೆಯ ಪ್ರಯೋಗಕ್ಕೆ ಕ್ಯಾಮೆರಾವೇ ಬೇಡ. ಅರಿಶಿನ ಬೇಕು.

ಅರಿಶಿನ ಬಿಸಿಲಿಗೆ ಬಣ್ಣ ಕಳೆದುಕೊಳ್ಳುವುದು ನಿಮಗೆ ಗೊತ್ತೇ ಇದೆ. ಸೀರೆ ಮೇಲೆ ಕಲೆಯಾದರೆ ಒಗೆದು ಬಿಸಿಲಿಗೆ ಹಾಕು ಅಂತ ಹಿರಿಯರು ಹೇಳುವುದು ಅದಕ್ಕೇ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಎಂಬ ಅಂಶ ಬೆಳಕಿಗೆ ಒಡೆದುಹೋಗುತ್ತದೆ. ಹಾಗಾದರೆ ಹಾಳೆಗೆ ಅರಿಶಿನ ಬಳಿದು, ಮೇಲೆ ಒಂದು ಎಲೆ ಇಟ್ಟು ಬಿಸಿಲಿಗಿಟ್ಟರೆ? ಎಲೆಯ ಕೆಳಗೆ ಹಳದಿ ಉಳಿಯುತ್ತದೆ, ಸುತ್ತಲೂ ಬಾಡುತ್ತದೆ. ಎಲೆಯ ಚಿತ್ರ ಮೂಡುತ್ತದೆ. ಇದಕ್ಕೆ ಆಂಥೋಟೈಪ್ ಅಂತ ಹೆಸರು. ಹೂವು, ಸೊಪ್ಪುಗಳ ರಸದಿಂದ ಹೀಗೆ ಚಿತ್ರ ಮಾಡುವ ಬಗ್ಗೆ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲೇ ಬರೆದಿದ್ದಾರೆ. ಫೋಟೊಗ್ರಫಿ ಆಗಿನ್ನೂ ಕಣ್ಣು ಬಿಡುತ್ತಿದ್ದ ಕಾಲ ಅದು.

ಮಾಡುವುದು ಸುಲಭ. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸರ್ಜಿಕಲ್ ಸ್ಪಿರಿಟ್ ಸಿಗುತ್ತೆ. ಒಂದು ಗಾಜಿನ ಬಾಟಲಿಯಲ್ಲಿ ಸುಮಾರು 50 ಮಿಲಿ ಸ್ಪಿರಿಟ್, ಎರಡು ಟೀ ಚಮಚ ಅರಿಶಿನ ಹಾಕಿ ಚೆನ್ನಾಗಿ ಕುಲುಕಿ. ಸ್ವಲ್ಪ ಹೊತ್ತು ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಈ ಕೆಲಸ ಅಡುಗೆಮನೆಯಲ್ಲಿ ಬೇಡವೇ ಬೇಡ. ಸ್ಪಿರಿಟ್‌ಗೆ ಬೇಗ ಬೆಂಕಿ ಹತ್ತುತ್ತದೆ, ಒಲೆ, ದೀಪ ಯಾವುದೂ ಹತ್ತಿರ ಇರಬಾರದು. ಜಗಲಿ ಮೇಲೆ, ಗಾಳಿ ಆಡುವ ಕಡೆ ಮಾಡಿ. ಡ್ರಾಯಿಂಗ್ ಹಾಳೆ ದಪ್ಪಗಿರಲಿ. ಅಗಲ ಬ್ರಷ್‌ನಿಂದ ಒಂದು ಸಲ ಅಡ್ಡ, ಒಂದು ಸಲ ಉದ್ದ ಬಳಿಯಿರಿ. ಬಿಸಿಲು ಬೀಳದ ಕೋಣೆಯಲ್ಲಿ ಒಣಗಲು ಬಿಡಿ. ಸ್ಪಿರಿಟ್ ಆದ್ದರಿಂದ ನೋಡನೋಡುತ್ತಲೇ ಒಣಗುತ್ತದೆ. ಪುಡಿ ಮಾತ್ರ ಕೊಂಬು ತಂದು ನೀವೇ ಪುಡಿ ಮಾಡಿಸಿದ್ದಾದರೆ ಒಳ್ಳೆಯದು. ಬೇರೆ ಬಣ್ಣ ಬೆರೆತ ಪುಡಿ ನಿಮ್ಮ ಲೆಕ್ಕವನ್ನೆಲ್ಲ ತಪ್ಪಿಸುತ್ತದೆ.

ಎಲೆ ಇಡುವುದಕ್ಕೆ ಮುಂಚೆ ಒಂದು ಪರೀಕ್ಷೆಯ ಪಟ್ಟಿ ಮಾಡಿ. ಬಹಳ ಜನ ಆತುರಕ್ಕೆ ಬಿದ್ದು ಇದನ್ನು ಬಿಡುತ್ತಾರೆ. ಬಳಿದ ಹಾಳೆಯಿಂದ ಎರಡು ಇಂಚು ಅಗಲದ ಪಟ್ಟಿ ಕತ್ತರಿಸಿ. ಅದರ ಮೇಲೆ ರಟ್ಟು ಮುಚ್ಚಿ, ಒಂದು ತುದಿಯನ್ನು ಮಾತ್ರ ಬಿಸಿಲಿಗೆ ಬಿಡಿ. ಅರ್ಧ ಗಂಟೆಗೊಮ್ಮೆ ರಟ್ಟನ್ನು ಒಂದೊಂದು ಇಂಚು ಹಿಂದಕ್ಕೆ ಸರಿಸುತ್ತಾ ಹೋಗಿ. ಕೊನೆಗೆ ಕೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಾಡಿದ ಹಳದಿ ಇರುತ್ತದೆ. ಒಂದು ತುದಿಯಲ್ಲಿ ಚಿನ್ನದ ಬಣ್ಣ, ಇನ್ನೊಂದು ತುದಿಯಲ್ಲಿ ಕೆನೆ ಬಣ್ಣ. ನಿಮ್ಮ ಊರಿನ, ನಿಮ್ಮ ಅಂಗಳದ, ಆ ತಿಂಗಳಿನ ಬಿಸಿಲಿಗೆ ಎಷ್ಟು ಹೊತ್ತು ಬೇಕು ಅಂತ ಆ ಪಟ್ಟಿ ಹೇಳುತ್ತದೆ. ಬೇಸಿಗೆಯ ಕಡು ಬಿಸಿಲಿನಲ್ಲಿ ಒಂದೆರಡು ಗಂಟೆ ಸಾಕಾಗಬಹುದು. ಮೋಡ ಇದ್ದರೆ ದಿನವೂ ಹಿಡಿಯಬಹುದು. ಬೇರೆ ಯಾರೋ ಬರೆದ ಸಮಯ ನಂಬಿಕೊಂಡು ಕೂರಬೇಡಿ.

ಆಮೇಲೆ ಎಲೆ. ನುಗ್ಗೆಸೊಪ್ಪಿನ ಗರಿ, ಕರಿಬೇವಿನ ಎಸಳು, ಜರೀಗಿಡ, ಕೊತ್ತಂಬರಿ ಇವೆಲ್ಲ ಚೆನ್ನಾಗಿ ಬರುತ್ತವೆ. ದೊಡ್ಡಪತ್ರೆ, ಬಸಳೆಯಂಥ ರಸ ತುಂಬಿದ ಎಲೆ ಬೇಡ, ಬಿಸಿಲಿಗೆ ನೀರು ಬಿಟ್ಟು ಹಾಳೆ ಹಾಳಾಗುತ್ತದೆ. ಎಲೆಯನ್ನು ಹಿಂದಿನ ದಿನ ಪೇಪರಿನ ನಡುವೆ ಇಟ್ಟು ಭಾರ ಹೇರಿ ಚಪ್ಪಟೆ ಮಾಡಿಕೊಳ್ಳಿ. ಹಾಳೆಯ ಮೇಲೆ ಎಲೆ, ಎಲೆಯ ಮೇಲೆ ಗಾಜು, ಕೆಳಗೆ ಒಂದು ರಟ್ಟು, ನಾಲ್ಕು ಕಡೆ ಕ್ಲಿಪ್. ಹಳೆಯ ಫೋಟೊ ಫ್ರೇಮಿನ ಗಾಜು ಸಾಕು. ಎಲೆ ಹಾಳೆಗೆ ಅಂಟಿಕೊಂಡ ಹಾಗೆ ಕೂತಷ್ಟೂ ಅಂಚು ಚೂಪಾಗಿ ಬರುತ್ತದೆ. ಎಲ್ಲಿ ಎಲೆ ಮೇಲೆದ್ದಿದೆಯೋ ಅಲ್ಲಿ ಗೆರೆ ಮಸುಕಾಗುತ್ತದೆ. ಅದೂ ಚೆಂದವೇ, ಆದರೆ ಯಾಕೆ ಮಸುಕಾಯ್ತು ಅಂತ ನಿಮಗೆ ಗೊತ್ತಿರಬೇಕು. ನೋಟ್‌ಬುಕ್ಕಿಗೆ ಹೋಗಬೇಕಾದ ವಿಷಯ ಅದು.

ಮುಂದಿನದ್ದು ನನಗೆ ಬಹಳ ಇಷ್ಟವಾದ ಹಂತ. ಆರತಿಗೆ ಓಕುಳಿ ನೀರು ಮಾಡುವಾಗ ಏನು ಮಾಡುತ್ತೀರಿ? ಅರಿಶಿನದ ನೀರಿಗೆ ಚೂರು ಸುಣ್ಣ. ಕೂಡಲೇ ಕೆಂಪು. ಅದನ್ನೇ ಇಲ್ಲಿ ಮಾಡಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕದಡಿ, ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಬಿಸಿಲಿನಿಂದ ತೆಗೆದ ಹಾಳೆಯ ಮೇಲೆ ಮೆತ್ತನೆಯ ಬ್ರಷ್‌ನಿಂದ ಆ ತಿಳಿಯನ್ನು ಒಮ್ಮೆ ಎಳೆಯಿರಿ. ಹಳದಿ ಎಲೆ ನಿಮ್ಮ ಕಣ್ಣೆದುರೇ ಕೆಂಪಾಗುತ್ತದೆ. ಬಾಡಿದ ಜಾಗದಲ್ಲಿ ಉಳಿದ ಚೂರುಪಾರು ಅರಿಶಿನ ತೆಳು ಗುಲಾಬಿಗೆ ತಿರುಗಬಹುದು. ಹಳದಿಯಲ್ಲಿ ಕಾಣದೆ ಇದ್ದ ಕರಿಬೇವಿನ ನರಗಳು ಕೆಲವೊಮ್ಮೆ ಕೆಂಪಿನಲ್ಲಿ ಎದ್ದು ಕಾಣುತ್ತವೆ. ಸುಣ್ಣದ ಕೆಂಪು ಗಾಳಿಗೆ ನಿಧಾನವಾಗಿ ಮಂಕಾಗುತ್ತದೆ. ಬೋರಾಕ್ಸ್, ಅಂದರೆ ಅಕ್ಕಸಾಲಿಗರು ಬಳಸುವ ಬಿಳಿಗಾರ, ನೀರಿನಲ್ಲಿ ಕರಗಿಸಿ ಬಳಿದರೆ ಬಣ್ಣ ಕೆಂಗಂದು, ಇನ್ನೂ ಸ್ವಲ್ಪ ಬಾಳಿಕೆ. ಎರಡನ್ನೂ ಒಂದೇ ಹಾಳೆಯ ಎರಡು ತುಂಡಿನ ಮೇಲೆ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಬಿಳಿಗಾರ ಮುಟ್ಟಿದ ಪಾತ್ರೆ, ಚಮಚ ಊಟಕ್ಕೆ ವಾಪಸ್ ಬರಬಾರದು.

ಹೊಲಿಗೆ ಬರುತ್ತೆ ಅಂದಿರಲ್ಲ, ಇದೇ ಕೆಲಸವನ್ನು ಬಿಳಿ ಹತ್ತಿ ಬಟ್ಟೆಯ ಮೇಲೂ ಮಾಡಬಹುದು. ಗಂಜಿ ಹೋಗುವ ಹಾಗೆ ಒಗೆದ ಬಟ್ಟೆ ಬೇಕು. ಮೇಲೆ ಎಲೆಯ ಬದಲು ಲೇಸ್ ಇಡಿ, ಕ್ರೋಶಾ ಹೆಣಿಗೆ ಇಡಿ, ಬ್ಲೌಸಿನ ಡಿಸೈನ್ ಕತ್ತರಿಸಿದ ಪೇಪರ್ ಇಡಿ. ಲೇಸಿನ ಒಂದೊಂದು ಎಳೆಯೂ ಮೂಡುತ್ತದೆ. ನೀವೇ ತೆಗೆದ ಫೋಟೊ ಮೂಡಿಸಬೇಕು ಅಂದರೆ ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಶೀಟಿನ ಮೇಲೆ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿ. ನೆಗೆಟಿವ್ ಮಾಡಿಸಬೇಡಿ, ಫೋಟೊ ಇದ್ದ ಹಾಗೇ ಇರಲಿ. ಶೀಟಿನ ಕಪ್ಪು ಭಾಗ ಅರಿಶಿನವನ್ನು ಕಾಯುತ್ತದೆ, ಹಾಗಾಗಿ ಕಪ್ಪಿದ್ದ ಕಡೆ ಗಾಢ ಬಣ್ಣ ಉಳಿಯುತ್ತದೆ. ಸಣ್ಣ ಸಣ್ಣ ವಿವರ ಇರುವ ಫೋಟೊ ಇದಕ್ಕೆ ಆಗಿಬರುವುದಿಲ್ಲ. ಒಂದು ಮುಖ, ಒಂದು ಮರ, ಒಂದು ಎತ್ತಿನ ಗಾಡಿ, ಹೀಗೆ ದೂರದಿಂದಲೇ ಗುರುತು ಸಿಗುವ ಆಕಾರ ಆರಿಸಿ.

ಈ ಚಿತ್ರಗಳು ಶಾಶ್ವತ ಅಲ್ಲ. ಗೋಡೆಗೆ ಹಾಕಿದರೆ ಬೆಳಕಿಗೆ ಮತ್ತೆ ಬಾಡುತ್ತಲೇ ಇರುತ್ತವೆ, ಅದನ್ನು ಪೂರ್ತಿ ತಡೆಯುವ ದಾರಿ ಇಲ್ಲ. ಪುಸ್ತಕದ ನಡುವೆ, ಟ್ರಂಕಿನೊಳಗೆ ಇಡಿ. ಆದ ಕೂಡಲೇ ನಿಮ್ಮ ನಿಕಾನ್‌ನಲ್ಲಿ ಅದರ ಫೋಟೊ ತೆಗೆದಿಡಿ. ಬೀಟ್‌ರೂಟ್, ಪಾಲಕ್ ರಸದಿಂದಲೂ ಚಿತ್ರ ಬರುತ್ತದೆ, ಆದರೆ ದಿನಗಟ್ಟಲೆ ಕಾಯಬೇಕು. ಅರಿಶಿನದಲ್ಲಿ ಕೈ ಕೂತ ಮೇಲೆ ನೋಡಿ. ಬಾಳುವಂಥ ಚಿತ್ರವೇ ಬೇಕು ಅಂದರೆ ಸಯನೋಟೈಪ್ ಇದೆ, ನೀಲಿ ಬಣ್ಣದ್ದು. ಅದೂ ಹರ್ಷೆಲ್ ಅವರು 1842ರಲ್ಲೇ ಕಂಡುಹಿಡಿದದ್ದು. ಮರುವರ್ಷವೇ ಆನಾ ಆಟ್‌ಕಿನ್ಸ್ ಎಂಬ ಹೆಣ್ಣುಮಗಳು ನೀರಿನ ಪಾಚಿಗಳನ್ನು ಹಾಳೆಯ ಮೇಲಿಟ್ಟು ನೀಲಿ ಚಿತ್ರ ಮಾಡಿ ಪುಸ್ತಕ ತರಲು ಶುರು ಮಾಡಿದರು. ಫೋಟೊ ಚಿತ್ರಗಳಿರುವ ಮೊದಲ ಪುಸ್ತಕ ಅಂತ ಹೆಸರು ಪಡೆದಿರುವುದು ಅದೇ. ಗಿಡದ ಆಸೆ, ಚಿತ್ರದ ಆಸೆ ಎರಡೂ ಒಬ್ಬರಲ್ಲೇ ಇದ್ದದ್ದರಿಂದ ಆದ ಕೆಲಸ ಅದು. ‘ಒಂದನ್ನು ಬಿಡು’ ಅನ್ನುವವರಿಗೆ ಈ ಉದಾಹರಣೆ ಕೊಡಿ.

ನಿಮ್ಮದು ಹಂಚಿನ ಮನೆಯಾ? ಬರೆದಿಲ್ಲ. ಹೌದು ಅಂತಾದರೆ, ಅಥವಾ ಪಕ್ಕದಲ್ಲಿ ಹಂಚಿನ ಕೊಟ್ಟಿಗೆ ಇದ್ದರೂ ಸರಿ, ಎರಡನೆಯ ಪ್ರಯೋಗ ನಿಮಗಾಗಿ ಕಾದಿದೆ. ಹಂಚಿನ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಬೊಟ್ಟುಗಳನ್ನು ಸರಿಯಾಗಿ ನೋಡಿ. ಸಂದಿ ಚೌಕವೋ ಮೂರು ಮೂಲೆಯೋ ಇರುತ್ತದೆ. ಬೊಟ್ಟು ಮಾತ್ರ ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿ ಇರುತ್ತದೆ. ಯಾಕೆ? ಯಾಕೆಂದರೆ ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ಸೂರ್ಯ ನೆತ್ತಿಯ ಮೇಲಿದ್ದು, ತೂತು ನೆಲದಿಂದ 10 ಅಡಿ ಎತ್ತರದಲ್ಲಿದ್ದರೆ ಬೊಟ್ಟು ಒಂದು ಇಂಚಿಗಿಂತ ಚೂರು ದೊಡ್ಡದಾಗಿರುತ್ತದೆ. 2019ರ ಡಿಸೆಂಬರ್ 26ರಂದು ಗ್ರಹಣ ಹಿಡಿದಾಗ ಈ ಬೊಟ್ಟುಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ಹೊಂಗೆ ಮರದ ಕೆಳಗೂ ಹಾಗೇ. ಸೂರ್ಯ ಕುಡುಗೋಲಾದರೆ ಅವನ ಚಿತ್ರವೂ ಅದೇ ಆಗಬೇಕಲ್ಲ.

ಇದನ್ನೇ ದೊಡ್ಡದು ಮಾಡಬಹುದು. ಎದುರಿಗೆ ಮರ, ರಸ್ತೆ ಕಾಣುವ ಕಿಟಕಿಯಿರುವ ಒಂದು ಕೋಣೆ ಆರಿಸಿ. ಬಾಗಿಲು ಕಿಟಕಿಗೆಲ್ಲ ಕಪ್ಪು ಪ್ಲಾಸ್ಟಿಕ್ ಹೊದಿಸಿ, ಸಂದಿಗೆಲ್ಲ ಬಟ್ಟೆ ತುರುಕಿ. ಕೈ ಮುಂದೆ ಹಿಡಿದರೆ ಕೈ ಕಾಣಬಾರದು, ಅಷ್ಟು ಕತ್ತಲೆ ಬೇಕು. ಕಿಟಕಿಯ ಪ್ಲಾಸ್ಟಿಕ್‌ನಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲದ ದುಂಡು ತೂತು ಮಾಡಿ. ಆರೇಳು ಅಡಿ ದೂರದಲ್ಲಿ ಬಿಳಿ ಪಂಚೆ ಅಥವಾ ಬೆಡ್‌ಶೀಟ್ ಬಿಗಿಯಾಗಿ ಕಟ್ಟಿ. ಹೊರಗೆ ಕಡು ಬಿಸಿಲಿರಬೇಕು, ಒಳಗೆ ನಿಮ್ಮ ಕಣ್ಣು ಕತ್ತಲೆಗೆ ಒಗ್ಗಬೇಕು. ಐದು ಹತ್ತು ನಿಮಿಷ ಸುಮ್ನೆ ಕೂತಿರಿ. ಆಮೇಲೆ ಬಟ್ಟೆಯ ಮೇಲೆ ನಿಮ್ಮ ಬೀದಿ ತಲೆಕೆಳಗಾಗಿ ಕಾಣಲು ಶುರುವಾಗುತ್ತದೆ. ತೆಂಗಿನಮರ ಮೇಲಿಂದ ಕೆಳಕ್ಕೆ ನೇತಾಡುತ್ತದೆ, ಆಕಾಶ ಕೆಳಗೆ, ಸೈಕಲ್ಲಿನವರು ಚಕ್ರ ಮೇಲೆ ಮಾಡಿಕೊಂಡು ಹೋಗುತ್ತಾರೆ. ಬಣ್ಣದಲ್ಲಿ, ಓಡಾಟದ ಸಮೇತ. ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ತೂತಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಬಾರದು ಅಂತ ಮಾತ್ರ ಮೊದಲೇ ಹೇಳಿ.

ಅದರ ಫೋಟೊ ತೆಗೆಯಲು ಟ್ರೈಪಾಡ್ ಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವುದು) 800, ಎಫ್ ನಂಬರ್ (ಲೆನ್ಸಿನೊಳಗಿನ ಕಿಂಡಿಯ ಅಳತೆ) ಎಫ್/5.6, ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 30 ಸೆಕೆಂಡ್, ಇಲ್ಲಿಂದ ಶುರು ಮಾಡಿ. ಫೋಕಸ್ ಕೈಯಿಂದಲೇ ಮಾಡಿಕೊಳ್ಳಿ, ಕತ್ತಲಲ್ಲಿ ಕ್ಯಾಮೆರಾಕ್ಕೆ ಆಗುವುದಿಲ್ಲ. ಮೊದಲು ಬಟ್ಟೆಗೆ ಟಾರ್ಚ್ ಬಿಟ್ಟು ಫೋಕಸ್ ಹಿಡಿದು ಆಮೇಲೆ ಆರಿಸಿ. ಇಲ್ಲಿ ಬದಲಾಯಿಸಬೇಕಾದ ಒಂದೇ ಒಂದು ಅಂದರೆ ತೂತಿನ ಅಗಲ. ಅರ್ಧ ಸೆಂಟಿಮೀಟರಿಗೆ ಇಳಿಸಿದರೆ ಚಿತ್ರ ಚೂಪಾಗುತ್ತದೆ, ಬೆಳಕು ಕಾಲು ಭಾಗಕ್ಕೆ ಬೀಳುತ್ತದೆ. ಎರಡು ಸೆಂಟಿಮೀಟರ್ ಮಾಡಿದರೆ ಬೆಳಕು ಜಾಸ್ತಿ, ಚಿತ್ರ ಕದಡಿದ ಹಾಗೆ. ಕ್ಯಾಮೆರಾ ಅಂದರೆ ಏನು ಅನ್ನುವುದು ಈ ಒಂದು ಕೋಣೆಯಲ್ಲಿ ಅರ್ಥವಾಗುತ್ತದೆ. ಎಫ್ ನಂಬರ್ ಬಗ್ಗೆ ನಾನು ಒಂದು ತಾಸು ಪಾಠ ಮಾಡುವುದಕ್ಕಿಂತ ಇದು ಮೇಲು.

ರಂಗೋಲಿಗೆ ಬರೋಣ. ನಿಮ್ಮ 18–55 ಲೆನ್ಸ್ ತಿರುಗಿಸಿ, ಅಂದರೆ ಹಿಂದುಮುಂದಾಗಿ ಹಾಕಿದರೆ ಅದೇ ಮ್ಯಾಕ್ರೋ ಲೆನ್ಸ್, ಸಣ್ಣದನ್ನು ದೊಡ್ಡದಾಗಿ ತೋರಿಸುವ ಲೆನ್ಸ್ ಆಗುತ್ತದೆ. ರಿವರ್ಸ್ ರಿಂಗ್ ಅಂತ ಒಂದು ಲೋಹದ ಬಳೆ ಸಿಗುತ್ತದೆ, ಕೆಲವು ನೂರು ರೂಪಾಯಿ. ಲೆನ್ಸಿನ ಮುಂದುಗಡೆ ವ್ಯಾಸ ಬರೆದಿರುತ್ತದೆ, ಡಿ5200 ಜೊತೆ ಬರುತ್ತಿದ್ದ ಲೆನ್ಸಿನದ್ದು ಸಾಮಾನ್ಯವಾಗಿ 52 ಮಿಲಿಮೀಟರ್. ನೋಡಿಕೊಂಡೇ ತರಿಸಿ. ಲೆನ್ಸ್ ತಿರುಗಿಸಿ ಹಾಕಿದಾಗ ಅಲ್ಲಿ ಲೆನ್ಸ್ ಇರುವುದೇ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ನೀವೇ ಹೊಂದಿಸುವ ಎಂ ಮೋಡ್‌ನಲ್ಲಿ ಮಾತ್ರ ಫೋಟೊ ಬರುತ್ತದೆ, ಬೆಳಕು ಅಳೆಯುವ ಮೀಟರ್ ಕೆಲಸ ಮಾಡುವುದಿಲ್ಲ. ಒಂದು ತೆಗೆದು ನೋಡಿ, ಶಟರ್ ಬದಲಾಯಿಸಿ, ಮತ್ತೆ ತೆಗೆಯಿರಿ. ಲೆನ್ಸಿನ ಹಿಂಭಾಗದಲ್ಲಿ ಒಂದು ಪುಟ್ಟ ಲಿವರ್ ಇರುತ್ತದೆ. ಅದನ್ನು ಬೆರಳಿನಿಂದ ಸರಿಸಿದರೆ ಒಳಗಿನ ಕಿಂಡಿ ತೆರೆದುಕೊಳ್ಳುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಪೂರ್ತಿ ತೆರೆದು ಫೋಕಸ್ ನೋಡಿ, ಅರ್ಧಕ್ಕೆ ಮುಚ್ಚಿ ಫೋಟೊ ತೆಗೆಯಿರಿ. ಫೋಕಸ್ ಅಂದರೆ ಇಲ್ಲಿ ರಿಂಗ್ ತಿರುಗಿಸುವುದಲ್ಲ, ನೀವೇ ಒಂದೊಂದು ಕೂದಲಿನಷ್ಟು ಹಿಂದೆ ಮುಂದೆ ಆಗುವುದು. ಝೂಮ್ 55ರಲ್ಲಿಟ್ಟು ಶುರು ಮಾಡಿ. 18ರ ಕಡೆ ತಿರುಗಿಸಿದಷ್ಟೂ ವಸ್ತು ದೊಡ್ಡದಾಗುತ್ತದೆ, ಕೈಯ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಲೆನ್ಸಿನ ಹಿಂದುಗಡೆಯ ಗಾಜು ಈಗ ಹೊರಗಿದೆ, ರಂಗೋಲಿ ಪುಡಿ ಅದಕ್ಕೆ ತಾಗಬಾರದು.

ಬೆಳಗ್ಗೆ ಏಳು ಗಂಟೆಯ ಓರೆ ಬಿಸಿಲಿನಲ್ಲಿ ರಂಗೋಲಿಯ ಒಂದೇ ಒಂದು ಎಳೆಯನ್ನು ಹೀಗೆ ನೋಡಿ. ಮೇಲಿನಿಂದ ಬಿಳಿ ಗೆರೆಯಾಗಿ ಕಂಡದ್ದು ಹತ್ತಿರದಿಂದ ಒಂದು ಗುಡ್ಡದ ಸಾಲು. ಒಂದು ಕಡೆ ಹೊಳೆಯುವ ಹರಳು, ಇನ್ನೊಂದು ಕಡೆ ಉದ್ದ ನೆರಳು. ಬೆರಳು ಎಲ್ಲಿ ಬಿಗಿಯಾಯ್ತು, ಎಲ್ಲಿ ಸಡಿಲವಾಯ್ತು ಅಂತ ಪುಡಿಯ ಎತ್ತರದಲ್ಲೇ ಗೊತ್ತಾಗುತ್ತದೆ. ಬೇರೆಯವರು ಬಂದು ತೆಗೆದರೆ ಅವರಿಗೆ ಅದು ಬರೀ ಪುಡಿ. ಎಳೆ ಎಳೆದ ಬೆರಳು ನಿಮ್ಮದಾದ್ದರಿಂದ ನಿಮಗೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ.

ರಿಂಗ್ ಬರುವ ತನಕ ಇನ್ನೊಂದು ಕೆಲಸ ಮಾಡಬಹುದು. ಬಾಗಿಲ ಮೇಲೆ ಅಥವಾ ಜಗಲಿ ಮೇಲೆ ಒಂದೇ ಜಾಗ ಗುರುತು ಮಾಡಿಕೊಂಡು, ಒಂದೇ ದಿನದ ರಂಗೋಲಿಯನ್ನು ಬೆಳಗ್ಗೆಯಿಂದ ಸಂಜೆವರೆಗೆ ಬಿಡುವಾದಾಗಲೆಲ್ಲ ತೆಗೆಯಿರಿ. ಹಾಲಿನವರ ಸೈಕಲ್ ಗೆರೆ, ಕೋಳಿ ಹೆಜ್ಜೆ, ಮಕ್ಕಳ ಚಪ್ಪಲಿ, ಮಧ್ಯಾಹ್ನದ ಗಾಳಿ, ಎಲ್ಲವೂ ಅದರ ಮೇಲೆ ಬರೆದು ಹೋಗುತ್ತವೆ. ರಂಗೋಲಿ ಹಾಕಿದ ಕೂಡಲೇ ತೆಗೆದ ಚಿತ್ರ ಎಲ್ಲರ ಹತ್ತಿರ ಇದೆ. ಅಳಿಸುತ್ತಾ ಹೋಗುವುದನ್ನು ತೆಗೆದವರು ಕಡಿಮೆ. ಕೆಲಸದ ದಿನ ಆಗದಿದ್ದರೆ ಭಾನುವಾರ ಮಾಡಿ.

ಇನ್ನೂ ಒಂದು ಸಣ್ಣದು, ದಿನಾಂಕ ಗುರುತು ಹಾಕಿಕೊಳ್ಳಿ. ಮಂಡ್ಯದಲ್ಲಿ ಏಪ್ರಿಲ್ 23ರ ಆಸುಪಾಸು ಮತ್ತು ಆಗಸ್ಟ್ 20ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ 12 ಗಂಟೆ 20–25 ನಿಮಿಷದ ಹೊತ್ತಿಗೆ ನೇರ ನಿಂತ ಕಂಬಕ್ಕೆ, ಲೋಟಕ್ಕೆ, ಒನಕೆಗೆ ನೆರಳೇ ಇರುವುದಿಲ್ಲ. ನೆರಳಿಲ್ಲದ ವಸ್ತು ನೆಲದ ಮೇಲೆ ತೇಲುವ ಹಾಗೆ ಕಾಣುತ್ತದೆ. ಆಗಸ್ಟಿನಲ್ಲಿ ಮೋಡದ ಕಾಟ, ಏಪ್ರಿಲ್ ಒಳ್ಳೆಯದು.

ನಿಮ್ಮ ಕಡೆ ಆಲೆಮನೆಗೆ ಬರ ಇಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಏಳುವ ಹಬೆ ಬಹಳ ಒಳ್ಳೆಯ ವಿಷಯ, ಆದರೆ ಬೆಳಕು ಹಬೆಯ ಹಿಂದಿನಿಂದ ಬರಬೇಕು. ಬೆಳಕಿಗೆ ಬೆನ್ನು ಹಾಕಿ ನಿಂತರೆ ಹಬೆ ಬೂದಿ ಬಣ್ಣದ ಪರದೆ ಅಷ್ಟೇ. ಎದುರಾಗಿ ನಿಂತರೆ ಬೆಳ್ಳಗೆ ಹೊಳೆಯುತ್ತದೆ, ಬೆಲ್ಲ ತಿರುವುವವರ ಆಕಾರ ಅದರಲ್ಲಿ ಕಪ್ಪಗೆ ಎದ್ದು ಬರುತ್ತದೆ. ಶಟರ್ ಒಮ್ಮೆ 1/500, ಒಮ್ಮೆ 1/8 ಇಟ್ಟು ಎರಡನ್ನೂ ಹೋಲಿಸಿ. ಕೆಲಸ ಮಾಡುವವರನ್ನು ಕೇಳಿಯೇ ತೆಗೆಯಿರಿ, ಆಮೇಲೆ ಒಂದು ಪ್ರಿಂಟ್ ತಂದುಕೊಡಿ. ಗಾಣದ ಹತ್ತಿರ ಸೆರಗು, ಕ್ಯಾಮೆರಾದ ಬೆಲ್ಟ್ ಎರಡನ್ನೂ ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಈ ಮಾತನ್ನು ಹಗುರವಾಗಿ ತಗೋಬೇಡಿ.

ಹೊತ್ತಿನ ಬಗ್ಗೆ. ದಿನಕ್ಕೆ ಅರ್ಧ ಗಂಟೆ ಕಡಿಮೆ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಅರಿಶಿನದ ಹಾಳೆ ಬಿಸಿಲಿಗಿಟ್ಟ ಮೇಲೆ ಅದಕ್ಕೆ ನಿಮ್ಮ ಅಗತ್ಯವೇ ಇಲ್ಲ, ನೀವು ಅನ್ನಕ್ಕಿಡಬಹುದು. ರಂಗೋಲಿ ಹೇಗೂ ದಿನಾ ಹಾಕುತ್ತೀರಿ, ಗಿಡಕ್ಕೆ ನೀರು ಹೇಗೂ ದಿನಾ ಬಿಡುತ್ತೀರಿ. ಕ್ಯಾಮೆರಾ ಬೀರುವಿನಲ್ಲಿದ್ದರೆ ಆಗುವುದಿಲ್ಲ. ಕೈಗೆ ಸಿಗುವ ಹಾಗೆ, ಧೂಳು ಬೀಳದ ಹಾಗೆ, ಬಟ್ಟೆ ಚೀಲದಲ್ಲಿ ಹಾಕಿ ಬಾಗಿಲ ಹಿಂದೆ ನೇತುಹಾಕಿ. ತಿಂಗಳಿಗೆ ಒಂದೇ ಪ್ರಯೋಗ ಸಾಕು. ಒಂದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರಬೇಡಿ. ಮನೆಯವರು ಹೇಳಿದ ‘ಗಟ್ಟಿಯಾಗಿ ಹಿಡಿ’ ಅನ್ನುವ ಮಾತು ಇಲ್ಲಿ ಮಾತ್ರ ನೂರಕ್ಕೆ ನೂರು ಸರಿ.

ಕೊನೆಗೆ ಹಕ್ಕಿ ಮತ್ತು ಲೆನ್ಸ್. ರಂಗನತಿಟ್ಟಿನಲ್ಲಿ ದೋಣಿಯಿಂದ 55ರಲ್ಲಿ ಹಕ್ಕಿಯ ಮುಖ ಬರುವುದಿಲ್ಲ, ನಿಜ. ಆದರೆ ನಿಮ್ಮ ಜಿಲ್ಲೆಯಲ್ಲೇ, ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬೇಸಿಗೆಯ ತಿಂಗಳುಗಳಲ್ಲಿ ಮರಗಳ ತುಂಬ ಮರಿಗಳಿರುತ್ತವೆ. ಕೆಳಗೆ ಮನೆ, ದನ, ಒಣಗಿಸಿದ ಬಟ್ಟೆ, ಮೇಲೆ ಹಕ್ಕಿ. 600ರ ಲೆನ್ಸ್ ಹಿಡಿದವರು ಹಕ್ಕಿಯೊಂದನ್ನೇ ತೆಗೆದುಕೊಂಡು ಬರುತ್ತಾರೆ. ಊರು ಮತ್ತು ಹಕ್ಕಿ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತರಬೇಕಾದರೆ ನಿಮ್ಮ 18–55 ಬೇಕು. ಗೂಡಿನ ಕೆಳಗೆ ಗಲಾಟೆ ಮಾಡದೆ, ಮನೆಯವರನ್ನು ಕೇಳಿಕೊಂಡು ಅಂಗಳಕ್ಕೆ ಹೋಗಿ.

ಇಷ್ಟೆಲ್ಲ ಆದ ಮೇಲೂ ಹಕ್ಕಿಯನ್ನು ಹತ್ತಿರದಿಂದ ತೆಗೆಯುವ ಆಸೆ ಉಳಿದರೆ, ಅದು ನಿಜವಾದ ಆಸೆ ಅಂತ ತಿಳಿಯಿರಿ. ಆಗಲೂ ಕೂಡಲೇ ದುಡ್ಡು ಸುರಿಯಬೇಡಿ. 150–600 ಲೆನ್ಸ್ ಹೆಚ್ಚುಕಡಿಮೆ 2 ಕೆಜಿ ತೂಗುತ್ತದೆ. ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತವೆ. ಎರಡು ದಿನಕ್ಕೆ ತಂದು, ಒಂದು ಬೆಳಗ್ಗೆ ಪೂರ್ತಿ ಹೊತ್ತು ನೋಡಿ, ಕೈ ಏನು ಹೇಳುತ್ತದೆ ಅಂತ ಕೇಳಿ. ಅಷ್ಟರೊಳಗೆ ಈ ವರ್ಷದ ಖರ್ಚು ಅಂದರೆ ಒಂದು ಗಟ್ಟಿ ಟ್ರೈಪಾಡ್, ಒಂದು ರಿವರ್ಸ್ ರಿಂಗ್, ಡ್ರಾಯಿಂಗ್ ಹಾಳೆ, ಸ್ಪಿರಿಟ್ ಬಾಟಲಿ. ಟ್ರೈಪಾಡ್‌ನಲ್ಲಿ ಮಾತ್ರ ತೀರಾ ಅಗ್ಗದ್ದಕ್ಕೆ ಹೋಗಬೇಡಿ, 30 ಸೆಕೆಂಡ್ ಅಲುಗಾಡದೆ ನಿಲ್ಲಬೇಕು ಅದು. ಪರೀಕ್ಷೆಯ ಪಟ್ಟಿ ಆದ ಮೇಲೆ ಅದರ ಫೋಟೊ ಮತ್ತು ನೋಟ್‌ಬುಕ್ಕಿನ ಆ ಪುಟ, ಎರಡನ್ನೂ ಕಳಿಸಿಕೊಡಿ. ಎಷ್ಟು ಹೊತ್ತು ಇಡಬೇಕು ಅಂತ ಕೂತು ಲೆಕ್ಕ ಹಾಕೋಣ.